ಸೀಳು ಕಳೆದುಕೊಂಡ ಧಕಾರ

ಕನ್ನಡ ಐಚ್ಛಿಕ ತರಗತಿಯ ಓದು ಇಂದು ಬಹುಮಟ್ಟಿಗೆ ಲೇಸರ್ ಪ್ರಿಂಟರಿನಿಂದ ಹೊರಬಿದ್ದ ಬಿಡಿಹಾಳೆಗಳನ್ನು ಅವಲಂಬಿಸಿದೆ. ಕಾವ್ಯಭಾಗ, ಟಿಪ್ಪಣಿ, ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ, ಕೊನೆಗೆ ಸಂಪ್ರಬಂಧ ಎಲ್ಲವೂ ಅದೇ ಯಂತ್ರದ ಕೂಸುಗಳು. ಅದರ ಮುದ್ರಣಗುಣವನ್ನು ಯಾರೋ ಒಮ್ಮೆ ‘ಟೋನರ್ ಉಳಿತಾಯ’ಕ್ಕೆ ತಿರುಗಿಸಿದರೆ ಮತ್ತೆ ಅತ್ತ ನೋಡುವವರಿಲ್ಲ. ಇಂಗ್ಲಿಷ್ ಪತ್ರಕ್ಕೆ ಇದರಿಂದ ತುಸು ಮಂಕು ಕವಿದೀತು, ಅಷ್ಟೆ. ಕನ್ನಡಕ್ಕಾದರೋ ಕಾಗುಣಿತವೇ ಕೆಡುತ್ತದೆ. ಆದುದರಿಂದ ಈ ಆಯ್ಕೆಯನ್ನು ಕಚೇರಿಯ ಮಿತವ್ಯಯಕ್ಕೆ ಬಿಟ್ಟುಕೊಡದೆ, ಪಾಠಶುದ್ಧಿಯ ವಿಷಯವೆಂದು ಕನ್ನಡ ವಿಭಾಗಗಳೇ ಕೈಗೆತ್ತಿಕೊಳ್ಳಬೇಕು.

‘ದನ’ಕ್ಕೂ ‘ಧನ’ಕ್ಕೂ ನಡುವಣ ಅಂತರ ಅಕ್ಷರದ ಹೊಟ್ಟೆಯಡಿಯ ಒಂದು ಸೀಳು. ಅಂಗುಲಕ್ಕೆ 600 ಚುಕ್ಕಿಗಳ ಮುದ್ರಣದಲ್ಲಿ 10 ಪಾಯಿಂಟ್ ಅಕ್ಷರಕ್ಕೆ ಮೇಲಿನಿಂದ ಕೆಳಗೆ ಸುಮಾರು 83 ಚುಕ್ಕಿಗಳ ಎಡೆ ದೊರೆಯುತ್ತದೆ; 300ಕ್ಕೆ ಇಳಿಸಿದರೆ ಸುಮಾರು 42. ತಲೆಕಟ್ಟು, ಗುಣಿತ, ಮೂಲಾಕ್ಷರ, ಕೆಳಗಿನ ಒತ್ತು ಎಲ್ಲವೂ ಅಷ್ಟರೊಳಗೆ ಅಡಗಬೇಕು. ಸೀಳಿನ ಪಾಲಿಗೆ ಬರುವುದು ಕೆಲವೇ ಚುಕ್ಕಿ. ಉಳಿತಾಯದ ಕ್ರಮವು ಟೋನರನ್ನು ತೆಳುಗೊಳಿಸಿ ಅವನ್ನೂ ಮಸುಕಾಗಿಸುತ್ತದೆ. ಆ ಹಾಳೆಯ ನೆರಳಚ್ಚು, ನೆರಳಚ್ಚಿನ ನೆರಳಚ್ಚು ಕೈಸೇರುವ ಹೊತ್ತಿಗೆ ಮಹಾಪ್ರಾಣವು ಓದುಗನ ಊಹೆಗೆ ಬಿಟ್ಟದ್ದು.

ಹಳಗನ್ನಡದಲ್ಲಿ ನಷ್ಟ ಇನ್ನೂ ದೊಡ್ಡದು. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ. ‘ಪೊಳೆ’ ಎಂದರೆ ಪ್ರಕಾಶಿಸು, ‘ಪೊೞೆ’ ಎಂದರೆ ನದಿ. ಚಂದ್ರಗಿರಿಯನ್ನು ‘ಪುೞ’ ಎಂದು ಕರೆಯುವ ಮಲಯಾಳಿಗಳ ನೆರೆಯಲ್ಲಿ ಬೆಳೆದ ಕಾಸರಗೋಡಿನ ವಿದ್ಯಾರ್ಥಿಗೆ ಈ ೞಕಾರ ಕಿವಿಗೆ ಪರಿಚಿತವೇ; ಹಾಳೆಯಲ್ಲಿ ಮಾತ್ರ ಅದು ಮಸಿಯ ಮುದ್ದೆ, ಇಲ್ಲವೇ ಖಾಲಿ ಚೌಕ. ಮುದ್ದೆಯಾದರೆ ಮುದ್ರಣಗುಣದ ದೋಷ. ಚೌಕವಾದರೆ ಫಾಂಟಿನ ಕೊರತೆ, ಪ್ರಿಂಟರನ್ನು ದೂರಿ ಫಲವಿಲ್ಲ. (ಯೂನಿಕೋಡಿನ ಪಟ್ಟಿಯಲ್ಲಂತೂ ಈ ಅಕ್ಷರಕ್ಕೆ ‘ಎಫ್‌ಎ’ ಎಂಬ ತಪ್ಪು ಹೆಸರೇ ಅಂಟಿಕೊಂಡಿದೆ.)

ಇನ್ನು ಯಂತ್ರದ ಸ್ಮೃತಿ. ಲೇಸರ್ ಪ್ರಿಂಟರ್ ಕಾಗದವನ್ನು ಒಮ್ಮೆ ಎಳೆದುಕೊಂಡರೆ ನಡುವೆ ನಿಲ್ಲಲಾರದು. ಪುಟದ ಚಿತ್ರ ಅದಕ್ಕೆ ಮೊದಲೇ ಸಿದ್ಧವಿರಬೇಕು. ಎ4 ಹಾಳೆಗೆ 600ರಲ್ಲಿ ಸುಮಾರು 3.5 ಕೋಟಿ ಚುಕ್ಕಿಗಳು, ಅಂದರೆ 4 ಮೆಗಾಬೈಟಿಗೂ ಮಿಕ್ಕ ಸ್ಮೃತಿ. 1200ಕ್ಕೆ ಏರಿಸಿದರೆ ಅದರ ನಾಲ್ಕು ಪಟ್ಟು. 1984ರ ಎಚ್‌ಪಿ ಲೇಸರ್‌ಜೆಟ್‌ನಲ್ಲಿ ಇದ್ದದ್ದು 128 ಕಿಲೋಬೈಟ್. ರೋಮನ್ ಅಕ್ಷರಗಳು ಯಂತ್ರದೊಳಗೇ ಮನೆಮಾಡಿದ್ದುದರಿಂದ ಅಷ್ಟೇ ಸಾಕಾಯಿತು. ಕನ್ನಡ ಅಲ್ಲಿ ಇಂದಿಗೂ ಅತಿಥಿ. ಸಾಮಾನ್ಯವಾಗಿ ಅದರ ಅಕ್ಷರಗಳು ಪ್ರತಿ ಕಡತದೊಡನೆ ಕಂಪ್ಯೂಟರಿನಿಂದ ಪಯಣಿಸಿ ಬರಬೇಕು. ಸ್ಮೃತಿ ಸಾಲದಿದ್ದಾಗ ಕೆಲವು ಯಂತ್ರಗಳು ದೋಷ ತೋರಿಸಿ ನಿಲ್ಲುತ್ತವೆ. ಕೆಲವು ಸದ್ದಿಲ್ಲದೆ ಮುದ್ರಣಗುಣವನ್ನು ಇಳಿಸಿ ಕೆಲಸ ಮುಗಿಸುತ್ತವೆ. ಹೆಚ್ಚು ಅಪಾಯಕಾರಿ ಎರಡನೆಯದೇ. ಕಡತದಲ್ಲಿ ಹಲವು ಫಾಂಟುಗಳನ್ನು ಬೆರೆಸದಿರುವುದು, ಭಾರದ ಚಿತ್ರಗಳನ್ನು ಹಗುರಗೊಳಿಸುವುದು ಇದಕ್ಕೆ ಸುಲಭದ ಮದ್ದು.

ಒತ್ತುಗಳು ಚದುರಿದರೆ ಪಿಡಿಎಫ್ ಕಡತವನ್ನು ‘ಚಿತ್ರವಾಗಿ ಮುದ್ರಿಸು’ ಎಂಬ ಆಯ್ಕೆಯಿಂದ ಕಳಿಸಬಹುದು. ಆಗ ಅಕ್ಷರಗಳನ್ನು ಜೋಡಿಸುವ ಹೊಣೆ ಪೂರ್ತಿ ಕಂಪ್ಯೂಟರಿನದು. ಪ್ರಿಂಟರಿಗೆ ತಲುಪುವುದು ಬರಿಯ ಚಿತ್ರ. ಉಪಾಯವೇನೂ ಹೊಸತಲ್ಲ. 1843ರಲ್ಲಿ ಮಂಗಳೂರಿನಲ್ಲಿ ಮೊಗ್ಲಿಂಗ್ ಹೊರತಂದ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಅಲ್ಲಿಯೂ ಬಿಡಿ ಮೊಳೆಗಳಿರಲಿಲ್ಲ, ಪುಟವೇ ಚಿತ್ರವಾಗಿತ್ತು.

ಟೋನರಿನ ಬೆಲೆಯನ್ನು ಮುಂದೊಡ್ಡುವವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಉಳಿಸಲು ಬೇರೆ ಎಡೆಗಳಿವೆ: ಹಾಳೆಯ ಎರಡೂ ಬದಿಗೆ ಮುದ್ರಿಸಬಹುದು, ಕರಡು ತಿದ್ದುವ ಪ್ರತಿಗೆ ಮಾತ್ರ ಉಳಿತಾಯದ ಕ್ರಮವನ್ನು ಮೀಸಲಿಡಬಹುದು. ನೆರಳಚ್ಚಿಗೆ ಹೋಗುವ ಮೂಲಪ್ರತಿ 600ಕ್ಕೆ ಕಡಿಮೆಯಾಗದೆ, ಉಳಿತಾಯದ ಗುರುತು ತೆಗೆದು, ಹೊರಬರಬೇಕು. ಪ್ರಶ್ನೆಪತ್ರಿಕೆಯಾದರೆ ಧ, ಫ, ಢಗಳ ಮೇಲೆ ಒಮ್ಮೆ ಕಣ್ಣಾಡಿಸಿದ ಬಳಿಕವೇ ಅದು ನಕಲಿಗೆ ಹೋಗಲಿ.