ಕಳಿಸಿದ್ದು ಸರಿ, ತಲುಪಿತೇ?

ಅಂಗಡಿಯಲ್ಲಿ ಕ್ಯೂಆರ್ ಚೀಟಿಗೆ ಫೋನು ಹಿಡಿದು ದುಡ್ಡು ಕಳಿಸಿದರೆ, ಗಲ್ಲಾದ ಮೇಲಿನ ಡಬ್ಬಿ ಇಷ್ಟು ರೂಪಾಯಿ ಬಂತು ಅಂತ ಕೂಗಿ ಹೇಳುತ್ತದೆ. ಕೂಗದಿದ್ದರೆ ಸಾಹುಕಾರರು ಸಾಮಾನು ಕೈಗೆ ಕೊಡೋದಿಲ್ಲ. ಒಂದು ಕೇಜಿ ಸಕ್ಕರೆಗೆ ಇರುವ ಈ ಎಚ್ಚರ ಆಸ್ಪತ್ರೆಯಲ್ಲಿ ರೋಗಿಗೆ ಹೇಳುವ ಮಾತಿಗೆ ಬೇಡವೇ?

ರೋಗಿಗಳಿಗೆ ಸುರಕ್ಷತೆಯ ಪಾಠವನ್ನು ಮೊಬೈಲ್ ಆ್ಯಪಿನಲ್ಲೇ ಹೇಳಿಕೊಡುವ ಕಾಲ ಬಂದಿದೆ. ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಹತ್ತು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯ ವೇಳೆಯಲ್ಲೇ ಹಾನಿಯಾಗುತ್ತದೆ. ಅದರಲ್ಲಿ ಅರ್ಧದಷ್ಟಾದರೂ ತಪ್ಪಿಸಬಹುದಾದದ್ದು. 2019ರಿಂದ ಪ್ರತಿ ಸೆಪ್ಟೆಂಬರ್ 17 ರೋಗಿ ಸುರಕ್ಷತಾ ದಿನವೂ ಆಗಿದೆ.

ಆದರೆ ಸಖರಾಯಪಟ್ಟಣದಲ್ಲಿ ಬಸ್ಸು ಹತ್ತಿ ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ ಹೋಗುವ ಎಷ್ಟೋ ಅಜ್ಜಿಯರ ಕೈಲಿರೋದು ಗುಂಡಿ ಒತ್ತುವ ಫೋನು. ಆ್ಯಪ್ ಹಿಡಿಸುವ ಫೋನು ಬೆಂಗಳೂರಲ್ಲಿ ದುಡಿಯುವ ಮಗನ ಜೇಬಿನಲ್ಲಿ. ಪಾಠ ಅಲ್ಲಿಗೆ ಹೋಯಿತು, ಮಾತ್ರೆ ಇಲ್ಲಿ ಉಳಿಯಿತು! ಹಳೇ ಮಾತ್ರೆ ನಿಲ್ಲಿಸಬೇಕೋ, ಹೊಸದರ ಜೊತೆ ನುಂಗಬೇಕೋ, ಅಜ್ಜಿಗೆ ಹೇಳೋರು ಯಾರು?

ದಾರಿ ಇಲ್ಲದೇ ಇಲ್ಲ. ನಾರಾಯಣ ಆಸ್ಪತ್ರೆಗಳಲ್ಲಿ ಕೆಲಸ ಶುರುಮಾಡಿದ ನೂರಾ ಹೆಲ್ತ್ ಸಂಸ್ಥೆಯ ಕ್ರಮ ನೋಡಿ. ವಾರ್ಡಿನಲ್ಲೇ ರೋಗಿಯ ಮನೆಯವರನ್ನು ಕೂರಿಸಿಕೊಂಡು, ಕೈ ತೊಳೆಯೋದರಿಂದ ಹಿಡಿದು ಆರೈಕೆಯ ಪಾಠ. ಮನೆಗೆ ಹೋದ ಮೇಲೆ ವಾಟ್ಸಾಪಿನಲ್ಲಿ ನೆನಪಿನ ಸಂದೇಶ. ಮೊದಲು ಮನುಷ್ಯ, ಆಮೇಲೆ ಫೋನು.

ಇದಕ್ಕೆ ಇನ್ನೊಂದು ಸೇರಲಿ. ಡಿಸ್ಚಾರ್ಜ್ ಚೀಟಿ ಕೊಡುವಾಗ, "ಅಮ್ಮಾ, ನಾನು ಹೇಳಿದ್ದನ್ನ ಒಂದ್ಸಲ ನೀವು ಹೇಳಿ ನೋಡೋಣ" ಅಂತ ಸಿಸ್ಟರು ಕೇಳಲಿ. ಅಜ್ಜಿ ಸರಿಯಾಗಿ ಹೇಳಿದರೆ ಡಬ್ಬಿ ಕೂಗಿದಂತೆ. ತಡವರಿಸಿದರೆ ಮತ್ತೆ ಹೇಳಬೇಕು. ಸಿಸ್ಟರುಗಳಿಗೆ ಪುರುಸೊತ್ತಿಲ್ಲ ಅನ್ನೋದು ಸುಳ್ಳಲ್ಲ. ಹಾಗಾದರೆ ಆ್ಯಪಿಗೆ ಹಾಕುವ ದುಡ್ಡಿನಲ್ಲಿ ಒಂದಿಷ್ಟು ಕೈಗಳಿಗೂ ಹಾಕಲಿ.

ನಮ್ಮ ಪಾಲೂ ಇದೆ ಮಹನೀಯರೇ. ಇಂಜೆಕ್ಷನ್ನಿಗೆ ಮುಂಚೆ ಹೆಸರು ಹೇಳಿ. ಯಾವ ಔಷಧಿ ಮೈಗೆ ಒಗ್ಗದೋ ತಿಳಿಸಿ. ಮನೆಯ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಒಯ್ದು ತೋರಿಸಿ. ತಿಳಿಯದಿದ್ದರೆ ಇನ್ನೊಂದ್ಸಲ ಕೇಳಿ. ಬಸ್ಸಿನಲ್ಲಿ ಐದು ರೂಪಾಯಿ ಚಿಲ್ಲರೆಗೆ ಕಂಡಕ್ಟರನ್ನು ಬಿಡದ ನಾವು ಡಾಕ್ಟರ ಮುಂದೆ ಬಾಯಿ ಕಟ್ಟಿಕೊಂಡು ನಿಲ್ಲೋದೇಕೆ?

ಆ್ಯಪ್ ಎಷ್ಟು ಫೋನಿಗೆ ಇಳಿಯಿತು ಎಂಬ ಲೆಕ್ಕ ಸಾಕು. ಎಷ್ಟು ತಲೆಗೆ ಇಳಿಯಿತು ಎಂಬ ಲೆಕ್ಕವನ್ನು ಸಂಬಂಧಪಟ್ಟವರು ಇಡುವರೇ?