ಐದು ಲೀಟರ್ ಡೀಸೆಲ್ ಕೊಟ್ಟ ತೀರ್ಪು



ಮಳೆಗಾಲದಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಪಿಕಪ್ ಗಾಡಿಯೊಂದು ನಿಂತು ಹಿಂದೆ ವಾಹನಗಳ ಸಾಲು ಬೆಳೆದರೆ ಕೇಳಿಬರುವ ಮಾತು ಒಂದೇ: ‘ಡೀಸೆಲ್ ನೋಡಿಕೊಳ್ಳದೆ ಘಾಟಿ ಹತ್ತಿದ್ದಾನೆ, ದಂಡ ಹಾಕಿ.’ ಸಂಚಾರಕ್ಕೆ ಅಡ್ಡಿಯಾಗುವಂತೆ ನಿಂತ ವಾಹನಕ್ಕೆ ಮೋಟಾರು ವಾಹನ ಕಾಯ್ದೆಯ 201ನೇ ಕಲಮಿನಡಿ 500 ರೂಪಾಯಿವರೆಗೆ ದಂಡವಿದೆ. ದಾರಿ ತೆರವಾಗಬೇಕು ಎಂಬುದರಲ್ಲಿ ನನ್ನ ತಕರಾರಿಲ್ಲ. ತಕರಾರು ಇರುವುದು ಅಷ್ಟು ಬೇಗ ಹೊರಬೀಳುವ ತೀರ್ಪಿನ ಬಗ್ಗೆ. ಯಾರೋ ಕ್ಯಾನಿನಲ್ಲಿ ಐದು ಲೀಟರ್ ತಂದು ಸುರಿಯುತ್ತಾರೆ, ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಎಂಜಿನ್ ಹತ್ತಿಕೊಳ್ಳುತ್ತದೆ, ಅಲ್ಲಿಗೆ ಚಾಲಕನ ಬೇಜವಾಬ್ದಾರಿ ಸಾಬೀತಾಯಿತು! ಆದರೆ ಆ ಐದು ಲೀಟರಿನಿಂದ ಸಾಬೀತಾಗುವುದು ಬಹಳ ಕಡಿಮೆ.

ಟ್ಯಾಂಕಿನಿಂದ ಡೀಸೆಲ್ ಹೀರುವ ಕೊಳವೆಯ ಬಾಯಿ ತಳಕ್ಕೆ ಅಂಟಿಕೊಂಡಿರುವುದಿಲ್ಲ, ತುಸು ಮೇಲಿರುತ್ತದೆ. ಮುಳ್ಳು ರಿಸರ್ವಿಗೆ ಬಂದಾಗಲೂ ತಳದಲ್ಲಿ ಕೆಲವು ಲೀಟರ್ ಉಳಿದಿರುತ್ತದೆ. ಕಡಿದಾದ ಏರಿನಲ್ಲಿ ಅದು ಒಂದು ಬದಿಗೆ ಸರಿದರೆ ಕೊಳವೆ ಎಳೆಯುವುದು ಗಾಳಿಯನ್ನು. ‘ಏರ್ ಹಿಡಿದಿದೆ’ ಎಂದು ಚಾಲಕರು ಹೇಳುವುದು ಇದನ್ನೇ. ಅದೇ ಕೊಳವೆ ತುಕ್ಕು ತಿಂದು ನಡುವೆ ಸೀಳಿದ್ದರೆ, ಸೀಳು ಡೀಸೆಲಿನಲ್ಲಿ ಮುಳುಗಿರುವ ತನಕ ಏನೂ ಗೊತ್ತಾಗದು. ಮಟ್ಟ ಅದಕ್ಕಿಂತ ಕೆಳಗಿಳಿದರೆ ಕಾಲು ಟ್ಯಾಂಕ್ ಇದ್ದೂ ಗಾಡಿ ಸ್ಟಾರ್ಟ್ ಆಗದೆ ಇರಬಹುದು. ಫ್ಲೋಟ್ ಸಿಕ್ಕಿಕೊಂಡು ಮುಳ್ಳೇ ಸುಳ್ಳು ಹೇಳುವುದೂ ಉಂಟು. ಇವೆಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ನೀರು. ಡೀಸೆಲಿಗಿಂತ ಭಾರವಾದ ನೀರು ತಳ ಹಿಡಿದು ಕೂತಿರುತ್ತದೆ. ಡೀಸೆಲ್ ಕಡಿಮೆಯಾದಂತೆ, ಉಳಿದದ್ದರ ಜತೆ ಕುಲುಕಾಡಿ ಕೊಳವೆಯ ಬಾಯಿಗೆ ಸಿಗುತ್ತದೆ. ಈ ಎಲ್ಲ ಸಂದರ್ಭಗಳಲ್ಲೂ ಮೇಲಿನಿಂದ ಐದು ಲೀಟರ್ ಸುರಿದರೆ ಗಾಡಿ ಹತ್ತಬಹುದು. ಮಾತ್ರೆಗೆ ಜ್ವರ ಇಳಿದ ಮಾತ್ರಕ್ಕೆ ಜ್ವರ ಯಾವುದೆಂದು ಹೇಳಲಾದೀತೇ? ನಿಜ ತಿಳಿಯಲು ದಾರಿ ಬೇರೆ ಇದೆ: ಗಾಡಿಯನ್ನು ಸಮತಟ್ಟಿಗೆ ತಂದು, ಫಿಲ್ಟರಿನ ತಳದ ತಿರುಪು ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದರೆ ನೀರು ಬೇರೆ ಪದರವಾಗಿ ಕಾಣುತ್ತದೆ. ಇಂದಿನ ಕಾಮನ್ ರೈಲ್ ಎಂಜಿನ್‌ಗಳ ಪಂಪಿಗೆ ಡೀಸೆಲೇ ಎಣ್ಣೆಯ ಪಸೆ. ಗಾಳಿಯೋ ನೀರೋ ಎಂದು ನೋಡದೆ ಸೆಲ್ಫ್ ಹೊಡೆಯುತ್ತಾ ಹೋದರೆ ಆಗುವ ನಷ್ಟದ ಮುಂದೆ ದಂಡ ಯಾವ ಲೆಕ್ಕ?

‘ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಇದ್ಯಾವುದೂ ಇಲ್ಲವಲ್ಲ’ ಎನ್ನುವವರಿದ್ದಾರೆ. ಘಾಟಿ ಹತ್ತುವ ಮೊದಲು ಒಂದಿಷ್ಟು ಹಾಕಿಸಿಕೊಳ್ಳಬೇಕು, ಒಪ್ಪಿದೆ. ಆದರೆ ಬಾಡಿಗೆಯ ಹಣ ಕೈಗೆ ಬಂದಂತೆ 500 ರೂಪಾಯಿಗೆ, ಅಂದರೆ ಆರು ಲೀಟರೂ ಬಾರದ ಡೀಸೆಲಿಗೆ, ಬಂಕಿನ ಮುಂದೆ ನಿಲ್ಲುವವನ ಗಾಡಿ ಸದಾ ಟ್ಯಾಂಕಿನ ತಳದಲ್ಲೇ ಓಡುತ್ತದೆ. ತುಂಬಿದ ಟ್ಯಾಂಕಿನವನಿಗೆ ತಿಳಿಯದೇ ಹೋಗುವ ಕಲಬೆರಕೆ ಮೊದಲು ಬಾಧಿಸುವುದು ಇವನನ್ನು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ನೀರು ಬಂಕಿನದೇ ಎಂದು ಹೇಗೆ ಹೇಳುತ್ತೀರಿ? ಅರೆಖಾಲಿ ಟ್ಯಾಂಕಿನಲ್ಲಿ ಮಲೆನಾಡಿನ ಥಂಡಿಗೆ ಹನಿ ಕಟ್ಟುವುದು ನಿಜ. ಆದರೆ ಹಾಗೆ ಸೇರುವ ಅಲ್ಪಸ್ವಲ್ಪ ನೀರನ್ನು ಹಿಡಿಯಲೆಂದೇ ಫಿಲ್ಟರಿನಲ್ಲಿ ವ್ಯವಸ್ಥೆ ಇದೆ. ಒಂದೇ ದಿನ ಒಂದೇ ಬಂಕಿನಲ್ಲಿ ಹಾಕಿಸಿದ ಹಲವು ಗಾಡಿಗಳಲ್ಲಿ ನೀರು ಸಿಕ್ಕರೆ ಥಂಡಿಯನ್ನು ದೂರಿ ಪ್ರಯೋಜನವಿಲ್ಲ. ಮಳೆನೀರು ಬಂಕಿನ ನೆಲದಡಿಯ ಟ್ಯಾಂಕಿಗೇ ಇಳಿದಿದೆಯೇ ಎಂದು ನೋಡಬೇಕು. ಅದನ್ನು ನೋಡಲು ಅಳತೆಕೋಲಿಗೆ ಪೇಸ್ಟ್ ಸವರಿ ಇಳಿಸುವ ಪರೀಕ್ಷೆ ಬಂಕುಗಳಲ್ಲಿ ಇದ್ದೇ ಇದೆ. ಫಲಿತಾಂಶ ಮಾತ್ರ ರಿಜಿಸ್ಟರಿನಲ್ಲೇ ಉಳಿಯುತ್ತದೆ. ಗ್ರಾಹಕರ ಹಕ್ಕು ಎಂದು ಫಲಕದಲ್ಲಿ ಬರೆದಿರುವ ಫಿಲ್ಟರ್ ಪೇಪರ್ ಪರೀಕ್ಷೆ ಪೆಟ್ರೋಲಿಗೆ, ಐದು ಲೀಟರಿನ ಮಾಪನ ಪ್ರಮಾಣಕ್ಕೆ. ಡೀಸೆಲಿನಲ್ಲಿ ನೀರಿದೆಯೇ ಎಂಬ ಪ್ರಶ್ನೆಗೆ ಇವೆರಡೂ ಉತ್ತರ ಹೇಳವು.

ಪೆಟ್ರೋಲಿನ ಸಣ್ಣ ಸರಕು ಗಾಡಿಗಳೂ ಇದರಿಂದ ಹೊರತಲ್ಲ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ, ಶೇ 20ರಷ್ಟು ಎಥೆನಾಲ್ ಇರುವ ಪೆಟ್ರೋಲ್ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಇದಕ್ಕೆ ನಾನು ಕೇಳುತ್ತಿರುವ ಪರಿಹಾರ ಬಂಕುಗಳಿಗೆ ಹೊರೆ ಎನ್ನುವಂತಿಲ್ಲ, ಏಕೆಂದರೆ ಅದು ಹೊಸ ಪರೀಕ್ಷೆಯಲ್ಲ. ಆಯಾ ದಿನದ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪಂಪಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆದು ಹಾಕುವಂತೆ, ದೂರು ಬಂದರೆ ಗ್ರಾಹಕನ ಎದುರೇ ಮಾದರಿ ತೆಗೆದು ಮೊಹರು ಮಾಡುವಂತೆ ತೈಲ ಕಂಪನಿಗಳೂ ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಯೂ ಕಟ್ಟುನಿಟ್ಟು ಮಾಡಲಿ. ಘಾಟಿಯಲ್ಲಿ ನಿಂತ ಗಾಡಿಗೆ ರಸೀದಿ ಹರಿಯುವ ಮೊದಲು ಪೊಲೀಸರು ಫಿಲ್ಟರಿನ ನೀರನ್ನೊಮ್ಮೆ ಬಾಟಲಿಗೆ ಹಿಡಿಸಿ ನೋಡಲಿ.

– ಓದುಗ, ಸಕಲೇಶಪುರ