ನಿದ್ರೆಯನ್ನು ಬೆನ್ನಟ್ಟಬೇಡಿ

"ಚಿಂತೆ ಇಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಗಾದೆ ವೇದಕ್ಕೆ ಸಮಾನ ಎಂಬ ಇನ್ನೊಂದು ಮಾತಿನ ಬೆಂಬಲವೂ ಅದಕ್ಕಿದೆ. ಆದುದರಿಂದ ನಿದ್ದೆ ಬಾರದೆಂದು ಯಾರಾದರೂ ಹೇಳಿಕೊಂಡರೆ, ಕೇಳಿದವರು "ಚಿಂತೆ ಬಿಡಪ್ಪಾ" ಎಂದು ಉಪದೇಶಿಸಿ, ತಾವು ಮಗ್ಗುಲಾಗಿ ಗೊರಕೆ ಹೊಡೆಯುತ್ತಾರೆ. ಚಿಂತೆಯನ್ನು ಬಿಡುವುದು ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟಷ್ಟು ಸುಲಭವಾಗಿದ್ದರೆ ಈ ಲೇಖನವೇ ಬೇಕಾಗುತ್ತಿರಲಿಲ್ಲ. ಗಾದೆ ಸುಳ್ಳೆಂದು ನಾನು ಹೇಳುವುದಿಲ್ಲ; ಅದು ಅರ್ಧ ಸತ್ಯವೆನ್ನುತ್ತೇನೆ. ಚಿಂತೆ ನಿದ್ರೆಯನ್ನು ಓಡಿಸುವುದು ನಿಜ. ಆದರೆ ಚಿಂತೆ ಹೋದ ಮೇಲೂ ನಿದ್ರೆ ಹಿಂದಿರುಗದೆ ಇರುವುದಕ್ಕೆ, ಅದನ್ನು ಹಿಡಿದು ತರಲು ನಾವು ಮಾಡುವ ಸಾಹಸಗಳೇ ಬಹುಮಟ್ಟಿಗೆ ಕಾರಣ.

ಚಿಂತೆಗೆ ಸಲ್ಲಬೇಕಾದ ಪಾಲನ್ನು ಮೊದಲು ಸಲ್ಲಿಸಿಬಿಡೋಣ. ಮಹಾಭಾರತದ ಉದ್ಯೋಗಪರ್ವದಲ್ಲಿ 'ಪ್ರಜಾಗರ' ಎಂಬ ಉಪಪರ್ವವೊಂದಿದೆ. ಪ್ರಜಾಗರವೆಂದರೆ ನಿದ್ರೆಗೆಟ್ಟು ಎಚ್ಚರವಾಗಿರುವುದು. ಪಾಂಡವರ ಬಳಿಯಿಂದ ಹಿಂದಿರುಗಿದ ಸಂಜಯನು, ಅವರ ಸಂದೇಶವನ್ನು ನಾಳೆ ಸಭೆಯಲ್ಲಿ ತಿಳಿಸುವೆನೆಂದು ಹೇಳಿ ಹೊರಟುಹೋಗುತ್ತಾನೆ. 'ನಾಳೆ' ಎಂಬ ಆ ಒಂದು ಮಾತಿನಿಂದ ಧೃತರಾಷ್ಟ್ರನಿಗೆ ಇರುಳೆಲ್ಲ ನಿದ್ರೆಯಿಲ್ಲ, ವಿದುರನನ್ನು ಕರೆಸುತ್ತಾನೆ. ವಿದುರನು ನಿದ್ರೆಗೆಡುವವರ ಪಟ್ಟಿಯನ್ನೇ ಒಪ್ಪಿಸುತ್ತಾನೆ: ಬಲಿಷ್ಠನ ದಾಳಿಗೆ ಸಿಕ್ಕಿದ ದುರ್ಬಲ, ಸಾಧನವಿಲ್ಲದವ, ಸೊತ್ತು ಕಳೆದುಕೊಂಡವ, ಕಾಮಿ, ಕಳ್ಳ. ಪಟ್ಟಿಯಲ್ಲಿ ವಿದ್ಯಾರ್ಥಿಯ ಹೆಸರಿಲ್ಲ. ವಿದುರನ ಕಾಲಕ್ಕೆ ಸೆಮಿಸ್ಟರ್ ಪರೀಕ್ಷೆಗಳು ಇರಲಿಲ್ಲವೆಂದು ತೋರುತ್ತದೆ!

ಆದರೂ ನಮ್ಮಲ್ಲಿ ಅನೇಕರು 'ಸಾಧನವಿಲ್ಲದವ'ರ ಸಾಲಿಗೆ ಸೇರಿದವರೇ ಅಲ್ಲವೇ? ಮನೆತನದಲ್ಲಿಯೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ, ಪದವಿಯ ಮುಂದೇನು ಎಂಬ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಮನೆಯಲ್ಲಿ ಇರುವುದಿಲ್ಲ. ಹಗಲೆಲ್ಲ ಹೇಗೋ ದೂಡಿದ ಆ ಪ್ರಶ್ನೆ, ದೀಪ ಆರಿದೊಡನೆ ಪಕ್ಕದಲ್ಲಿ ಬಂದು ಮಲಗುತ್ತದೆ. ನಾನೂ ಅಂಥವರಲ್ಲೊಬ್ಬ. ಐದನೆಯ ಸೆಮಿಸ್ಟರಿನಲ್ಲಿ ಎರಡು ತಿಂಗಳು ರಾತ್ರಿಯ ಎರಡು ಗಂಟೆಯನ್ನೂ ಮೂರು ಗಂಟೆಯನ್ನೂ ಚೆನ್ನಾಗಿ ಪರಿಚಯ ಮಾಡಿಕೊಂಡೆ. "ಮೈ ಬಗ್ಗಿಸಿ ಗೇಯ್ದರೆ ನಿದ್ದೆ ತಾನಾಗಿ ಬರುತ್ತದೆ" ಎಂದು ಊರಿನಿಂದ ತಂದೆ ಹೇಳಿದರು. ಮುಂದೆ ಪುಸ್ತಕಗಳನ್ನು ಓದಿದಾಗ, ಅಕ್ಷರ ಬಾರದ ಅವರ ಮಾತಿನಲ್ಲಿ ಶಾಸ್ತ್ರದ ಒಂದು ಭಾಗವೇ ಇದೆಯೆಂದು ತಿಳಿಯಿತು.

ಜೂರಿಕ್ಕಿನ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ 1982ರಲ್ಲಿ, ನಿದ್ರೆಯನ್ನು ನಡೆಸುವ ಶಕ್ತಿಗಳು ಎರಡು ಎಂದು ಪ್ರತಿಪಾದಿಸಿದರು. ನಮ್ಮ ಊರಿನ ಕೆರೆಯಿಂದ ಇದನ್ನು ಸುಲಭವಾಗಿ ತಿಳಿಯಬಹುದು. ನಾವು ಎಚ್ಚರವಾಗಿದ್ದು ದುಡಿದಷ್ಟು ಹೊತ್ತೂ ಕೆರೆಗೆ ನೀರು ತುಂಬುತ್ತದೆ. ಇದು ನಿದ್ರೆಯ ಒತ್ತಡ. ಕೆರೆ ತುಂಬಿದರೆ ಸಾಲದು, ನೀರುಗಂಟಿ ಬಂದು ತೂಬು ಎತ್ತಬೇಕು. ಆ ನೀರುಗಂಟಿಯೇ ದೇಹದೊಳಗಿನ ಗಡಿಯಾರ. ಆ ಗಡಿಯಾರದ ಅಣುಮಟ್ಟದ ಯಂತ್ರವನ್ನು ಹಣ್ಣಿನ ನೊಣಗಳಲ್ಲಿ ಶೋಧಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದಕ್ಕೆ ಕೀಲಿ ಕೊಡುವುದು ಮುಖ್ಯವಾಗಿ ಬೆಳಗಿನ ಬೆಳಕು. ಇನ್ನೊಂದು ಮಾತು: ಇಪ್ಪತ್ತರ ಆಸುಪಾಸಿನಲ್ಲಿ ಈ ಗಡಿಯಾರ ಹಿರಿಯರದಕ್ಕಿಂತ ತಡವಾಗಿ ನಡೆಯುತ್ತದೆ. ಹತ್ತು ಗಂಟೆಗೆ ಕಣ್ಣು ಮುಚ್ಚದ ಹುಡುಗರನ್ನು ಸೋಮಾರಿಗಳೆಂದು ಬೈಯುವ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು.

ನಿದ್ದೆಗೆಟ್ಟವನು ಮಾಡುವುದೇನು? ರಾತ್ರಿ ಒಂಬತ್ತಕ್ಕೇ ಹಾಸಿಗೆ ಸೇರುತ್ತಾನೆ. ನೀರುಗಂಟಿ ಇನ್ನೂ ಬಂದಿರುವುದಿಲ್ಲ. ಮೂರಕ್ಕೆ ನಿದ್ದೆ ಹತ್ತಿತೆಂದು ಬೆಳಗಿನ ಒಂಬತ್ತರವರೆಗೆ ಮಲಗುತ್ತಾನೆ. ಗಡಿಯಾರ ಇನ್ನಷ್ಟು ಹಿಂದೆ ಬೀಳುತ್ತದೆ. ಮಧ್ಯಾಹ್ನ ವಾಚನಾಲಯದ ಮೇಜಿಗೆ ತಲೆಯಿಟ್ಟು ಒಂದು ಗಂಟೆ ತೂಕಡಿಸುತ್ತಾನೆ. ಕೆರೆಯ ಏರಿಯಲ್ಲಿ ಬಿರುಕು ಬಿದ್ದು ನೀರು ಸೋರಿಹೋಗುತ್ತದೆ. ರಾತ್ರಿ ಮತ್ತೆ ಗಡಿಯಾರ ನೋಡಿ, "ಈಗ ಮಲಗಿದರೂ ನಾಲ್ಕೇ ಗಂಟೆ ನಿದ್ದೆ" ಎಂದು ಲೆಕ್ಕ ಹಾಕುತ್ತಾನೆ. ಲೆಕ್ಕ ಹಾಕುವವನಿಗೆ ನಿದ್ದೆ ಬಂದೀತೆ? ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು 1987ರಲ್ಲಿ ಇದನ್ನೇ ವಿಂಗಡಿಸಿ ತೋರಿಸಿದರು. ಕೆಲವರ ಸ್ವಭಾವ ಒಣಹುಲ್ಲಿನಂತಿರುತ್ತದೆ; ಚಿಂತೆ ಕಿಡಿಯಂತೆ ಬೀಳುತ್ತದೆ; ಕಿಡಿ ಆರಿದ ಮೇಲೂ ಬೆಂಕಿ ಉರಿಯುವುದು ನಾವು ಒಟ್ಟುವ ಸೌದೆಯಿಂದ. ಹುಟ್ಟುಗುಣವನ್ನು ಬದಲಿಸಲಾರೆವು. ಚಿಂತೆ ಬರುವುದನ್ನು ತಡೆಯಲಾರೆವು. ಸೌದೆಯನ್ನು ಮಾತ್ರ ಹಿಂದಕ್ಕೆ ಎಳೆಯಬಹುದು.

ಎಳೆಯುವ ಬಗೆಯನ್ನು ರಿಚರ್ಡ್ ಬೂಟ್ಜಿನ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ 1972ರಲ್ಲಿಯೇ ತೋರಿಸಿಕೊಟ್ಟಿದ್ದರು. ಹಾಸಿಗೆ ನಿದ್ರೆಗೆ ಮೀಸಲಾಗಿರಲಿ; ನಿದ್ದೆ ತೂಗಿದಾಗ ಮಾತ್ರ ಮಲಗಿ; ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕುಳಿತು, ಕಣ್ಣು ಎಳೆದಾಗ ಹಿಂದಿರುಗಿ; ಎಷ್ಟೇ ಕಡಿಮೆ ನಿದ್ದೆಯಾಗಿರಲಿ, ದಿನವೂ ಒಂದೇ ಹೊತ್ತಿಗೆ ಏಳಿ; ಹಗಲು ಮಲಗಬೇಡಿ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಹಾಸಿಗೆಯೇ ಕುರ್ಚಿ, ಹಾಸಿಗೆಯೇ ಮೇಜು, ಹಾಸಿಗೆಯೇ ಹೋಟೆಲು. ಮೊಬೈಲ್ ಬಂದ ಮೇಲೆ ಹಾಸಿಗೆಯೇ ಚಿತ್ರಮಂದಿರ. ಇಷ್ಟೆಲ್ಲ ನಡೆಯುವ ಜಾಗದಲ್ಲಿ ತಲೆಯಿಟ್ಟರೆ, ಇಲ್ಲಿ ಮಾಡಬೇಕಾದುದು ನಿದ್ರೆಯೊಂದೇ ಎಂದು ಮನಸ್ಸಿಗೆ ಹೇಗೆ ತಿಳಿಯಬೇಕು?

"ಮನೆಯಲ್ಲಿರುವುದೇ ಒಂದು ಕೋಣೆ, ಎದ್ದು ಬೇರೆ ಕಡೆ ಹೋಗುವುದೆಲ್ಲಿಗೆ?" ಎಂದು ಸ್ನೇಹಿತರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಬಡವರ ಮನೆಗೆ ಇಲ್ಲಿ ಒಂದು ಅನುಕೂಲವೂ ಉಂಟು. ನಮ್ಮಲ್ಲಿ ರಾತ್ರಿ ಚಾಪೆ ಬಿಚ್ಚುತ್ತಾರೆ, ಬೆಳಗ್ಗೆ ಸುತ್ತಿ ಮೂಲೆಗೆ ನಿಲ್ಲಿಸುತ್ತಾರೆ. ಬಿಚ್ಚಿದರೆ ನಿದ್ರೆ, ಸುತ್ತಿದರೆ ಎಚ್ಚರ. ಬೂಟ್ಜಿನ್ ಬರೆದ ನಿಯಮವನ್ನು ನಮ್ಮ ತಾಯಂದಿರು ಪೊರಕೆ ಹಿಡಿದು ಜಾರಿಗೆ ತಂದಿದ್ದಾರೆ! ನಡುರಾತ್ರಿ ನಿದ್ದೆ ಬಾರದಿದ್ದರೆ ಚಾಪೆ ಬಿಟ್ಟು ಗೋಡೆಗೆ ಒರಗಿ ಕುಳಿತರೂ ಸಾಕು.

ಸ್ಪೀಲ್ಮನ್ನರ ಇನ್ನೊಂದು ಉಪಾಯ ಮೊದಲು ವಿಚಿತ್ರವೆನಿಸುತ್ತದೆ. ಎಂಟು ಗಂಟೆ ಮಲಗಿ ಐದೂವರೆ ಗಂಟೆ ಮಾತ್ರ ನಿದ್ರಿಸುವವನು ಹಾಸಿಗೆಯಲ್ಲಿರುವ ಕಾಲವನ್ನೇ ಐದೂವರೆ ಗಂಟೆಗೆ ಇಳಿಸಬೇಕು. ಮಲಗಿದ ಕಾಲವೆಲ್ಲ ನಿದ್ರೆಯಿಂದ ತುಂಬತೊಡಗಿದ ಮೇಲೆ ಕಾಲು ಕಾಲು ಗಂಟೆಯಾಗಿ ಹೆಚ್ಚಿಸಬೇಕು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಇಲ್ಲಿ 'ನಿದ್ದೆ ಇದ್ದಷ್ಟು ಹಾಸಿಗೆ ಹಾಸು' ಎಂದು ತಿದ್ದಿಕೊಳ್ಳಬಹುದು. ಐದು ಗಂಟೆಗಿಂತ ಕೆಳಗೆ ಇಳಿಸಬಾರದು. ಮೂರ್ಛೆರೋಗ ಮೊದಲಾದವು ಇರುವವರೂ ವಾಹನ ನಡೆಸುವವರೂ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಇಂಥ ಕ್ರಮಗಳನ್ನು ಒಟ್ಟುಗೂಡಿಸಿದ ಚಿಕಿತ್ಸೆಯನ್ನೇ, ಮಾತ್ರೆಗಳಿಗಿಂತ ಮೊದಲು ಪ್ರಯೋಗಿಸಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ ಸಂಸ್ಥೆ 2016ರಲ್ಲಿ ವೈದ್ಯರಿಗೆ ಸೂಚಿಸಿತು. ನಾನು ಹಿಡಿದುದು ಒಂದೇ ನಿಯಮ: ಭಾನುವಾರವೂ ಸೇರಿದಂತೆ ಆರು ಗಂಟೆಗೆ ಎದ್ದು ಬಯಲಿಗೆ ನಡೆಯುವುದು. ಮೊದಲ ವಾರ ಕಷ್ಟವೇ ಆಯಿತು. ಮೂರನೆಯ ವಾರಕ್ಕೆ ಹನ್ನೊಂದರ ಹೊತ್ತಿಗೆ ಕಣ್ಣು ತಾನಾಗಿ ಮುಚ್ಚತೊಡಗಿತು. ಪದವಿಯ ಮುಂದೇನೆಂಬ ಪ್ರಶ್ನೆಗೆ ಇಂದಿಗೂ ಉತ್ತರ ಸಿಕ್ಕಿಲ್ಲ. ನಿದ್ರೆ ಮಾತ್ರ ಆ ಉತ್ತರಕ್ಕಾಗಿ ಕಾಯಲಿಲ್ಲ.

ಚಿಂತೆಗೂ ಹಗಲಿನಲ್ಲಿ ಒಂದು ಹೊತ್ತನ್ನು ಗೊತ್ತುಮಾಡುವುದು ಮೇಲು. ಅಮೆರಿಕದ ಬೇಲರ್ ವಿಶ್ವವಿದ್ಯಾನಿಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, 57 ಮಂದಿ ತರುಣ ತರುಣಿಯರಲ್ಲಿ ಅರ್ಧದಷ್ಟು ಜನ ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟರು. ಉಳಿದವರು ಮಾಡಿ ಮುಗಿಸಿದ ಕೆಲಸಗಳನ್ನು ಬರೆದರು. ಬೇಗ ನಿದ್ದೆ ಹೋದವರು ಮೊದಲಿನವರು. ಧೃತರಾಷ್ಟ್ರನಿಗೆ ಕಣ್ಣಿದ್ದು, ಕೈಗೊಂದು ಕಂಠವೂ ಓಲೆಗರಿಯೂ ಸಿಕ್ಕಿದ್ದರೆ ವಿದುರನಿಗೆ ಅಷ್ಟು ನೀತಿ ಹೇಳುವ ಶ್ರಮ ತಪ್ಪುತ್ತಿತ್ತೋ ಏನೋ!

ಕಾಫಿಯ ವಿಷಯ ಹೇಳದಿದ್ದರೆ ಕನ್ನಡನಾಡಿಗೆ ದ್ರೋಹವಾದೀತು. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತ ಹೋಗಿ ತೂಕಡಿಕೆ ತರುತ್ತದೆ. ಅದು ಕೂರಬೇಕಾದ ಸ್ಥಾನದಲ್ಲಿ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವಂತೆ, ಕೆಫೀನ್ ಕುಳಿತುಬಿಡುತ್ತದೆ. ಕುಡಿದುದರಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಕಾಫಿಯ ಅರ್ಧ ರಾತ್ರಿ ಹನ್ನೊಂದಕ್ಕೂ ಸೀಟು ಬಿಟ್ಟಿರುವುದಿಲ್ಲ. ಬೆಳಗಿನ ಲೋಟಕ್ಕೆ ನನ್ನ ವಿರೋಧವಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಅಡ್ಡಿ ನಮ್ಮ ಅಭಿಪ್ರಾಯದಲ್ಲಿದೆ. ಆದರ್ಶ ವಿದ್ಯಾರ್ಥಿಗೆ ನಾಯಿಯಂತಹ ನಿದ್ದೆಯಿರಬೇಕೆಂಬ ಸುಭಾಷಿತವನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣು ಮುಚ್ಚದವನು ನಮ್ಮಲ್ಲಿ ವೀರನೆನಿಸುತ್ತಾನೆ. ಆದರೆ ನಿದ್ರೆ ಓದಿನ ಶತ್ರುವಲ್ಲವೆಂಬುದು ನೂರು ವರ್ಷದ ಹಿಂದೆಯೇ ಗೊತ್ತಾಗಿತ್ತು. 1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ, ಒಂದರಿಂದ ಎಂಟು ಗಂಟೆಯ ಬಳಿಕ ಕೇಳಿ ನೋಡಿದರು. ಎಚ್ಚರವಿದ್ದು ಕಳೆದ ಗಂಟೆಗಳಿಗಿಂತ ನಿದ್ರಿಸಿ ಕಳೆದ ಗಂಟೆಗಳ ನಂತರ ಹೆಚ್ಚು ನೆನಪು ಉಳಿದಿತ್ತು. ಚರಕಸಂಹಿತೆಯಂತೂ ನಿದ್ರೆಯನ್ನು ಆಹಾರದ ಜೊತೆಗೆ ಶರೀರದ ಮೂರು ಆಧಾರಸ್ತಂಭಗಳಲ್ಲಿ ಒಂದೆಂದು ಎಣಿಸಿದೆ. ಸ್ತಂಭವನ್ನು ಕಿತ್ತು ಮನೆಗೆ ಮಹಡಿ ಕಟ್ಟುವುದು ಎಂತಹ ಜಾಣತನ?

ಇಷ್ಟಾಗಿಯೂ ತಿಂಗಳುಗಟ್ಟಲೆ ನಿದ್ರೆ ಬಾರದವರು, ಮನಸ್ಸು ಕುಗ್ಗಿ ಬದುಕೇ ಬೇಡವೆನಿಸುವವರು ಔಷಧದಂಗಡಿಯ ಮಾತ್ರೆಯನ್ನು ನಂಬದೆ ವೈದ್ಯರಲ್ಲಿಗೆ ಹೋಗಬೇಕು. ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆ 2022ರಿಂದ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತಿದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಕೊನೆಯದಾಗಿ ಅಧ್ಯಾಪಕ ವೃಂದದಲ್ಲಿಯೂ ನಿಲಯಪಾಲಕರಲ್ಲಿಯೂ ಎರಡು ಬಿನ್ನಹಗಳಿವೆ. ಓದುವವರಿಗೆ ರಾತ್ರಿ ಒಂದು ಕೋಣೆಯನ್ನು ಬೇರೆಯಾಗಿ ತೆರೆದಿಟ್ಟು, ಮಲಗುವ ಕೋಣೆಗಳಲ್ಲಿ ಹನ್ನೊಂದಕ್ಕೆ ದೀಪ ಆರಿಸುವ ಏರ್ಪಾಡಾಗಲಿ. ಊಟಕ್ಕೆ ಹೊಡೆಯುವ ಗಂಟೆಯನ್ನು ಬೆಳಗಿನ ಆರಕ್ಕೂ, ಭಾನುವಾರವನ್ನು ಬಿಡದೆ, ಒಮ್ಮೆ ಹೊಡೆಯಿಸಲಿ. ನಿದ್ದೆ ಬರುವ ಹೊತ್ತು ಯಾರ ಕೈಯಲ್ಲಿಯೂ ಇಲ್ಲ. ಏಳುವ ಹೊತ್ತು ನಮ್ಮ ಕೈಯಲ್ಲಿದೆ. ಸಹಪಾಠಿಗಳು ಮೊದಲ ವಾರ ಆ ಗಂಟೆಯನ್ನೂ ಅದನ್ನು ಬೇಡಿದ ನನ್ನನ್ನೂ ಶಪಿಸುವುದು ಖಂಡಿತ. ಮೂರನೆಯ ವಾರದ ರಾತ್ರಿ ಅವರ ಅಭಿಪ್ರಾಯ ಕೇಳಬೇಕೆಂದರೆ ಅವರು ಎಚ್ಚರವಾಗಿರಲಾರರು.